ಅರಿವಿಲ್ಲದ ಅಂಗದಲ್ಲಿ ನೋವು

ಅಡಕೆಮರದಿಂದ ಬಿದ್ದವರು, ಮನೆ ಕಟ್ಟುವಾಗ ಸಾರುವೆಯಿಂದ ಜಾರಿದವರು, ರಸ್ತೆಯ ಅಪಘಾತಕ್ಕೆ ಸಿಕ್ಕಿದವರು, ಇವರಲ್ಲಿ ಕೆಲವರಿಗೆ ಬೆನ್ನೆಲುಬು ಮುರಿದು ಅದರೊಳಗಿರುವ ಬೆನ್ನುಹುರಿಗೂ ಪೆಟ್ಟಾಗುವುದುಂಟು. ಪೆಟ್ಟು ಬಿದ್ದ ಮಟ್ಟದಿಂದ ಕೆಳಗೆ ಅಂಗಗಳು ಆಡುವುದಿಲ್ಲ. ಪೆಟ್ಟು ಪೂರ್ಣವಾಗಿದ್ದರೆ ಸೂಜಿಯಿಂದ ಚುಚ್ಚಿದರೂ ತಿಳಿಯುವುದಿಲ್ಲ. ಇಂಥ ರೋಗಿ ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ, ‘ಕಾಲು ಉರಿಯುತ್ತಿದೆ, ಕೆಂಡದ ಮೇಲೆ ಇಟ್ಟ ಹಾಗಿದೆ’ ಎಂದು ಹೇಳತೊಡಗಿದರೆ ಮನೆಯವರಿಗೆ ದಿಕ್ಕು ತೋಚದಂತಾಗುತ್ತದೆ. ಚಿವುಟಿದರೆ ಗೊತ್ತಾಗದ ಕಾಲು ಉರಿಯುವುದೆಂದರೇನು?

ಆಗ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಮಲಗಿ ಮಲಗಿ ಮನಸ್ಸು ಕೆಟ್ಟಿದೆ, ಇದೆಲ್ಲ ಭ್ರಮೆ ಎಂದು ಕೆಲವರು ತಿಳಿಯುತ್ತಾರೆ. ಕಾಲಿಗೆ ಜೀವ ಮರಳಿ ಬರುತ್ತಿದೆ, ಇದು ಶುಭಸೂಚನೆ ಎಂದು ಇನ್ನು ಕೆಲವರು ಹಿಗ್ಗುತ್ತಾರೆ. ಎರಡೂ ಸರಿಯಲ್ಲ. ನೋವು ಭ್ರಮೆಯಲ್ಲ, ನೋವೊಂದನ್ನೇ ಚೇತರಿಕೆಯ ಗುರುತೆಂದು ಎಣಿಸಲೂ ಆಗದು. ಇದು ಗಾಯಗೊಂಡ ನರಮಂಡಲವು ತಾನೇ ಹುಟ್ಟಿಸುವ ನೋವು. ವೈದ್ಯರು ಇದನ್ನು ನರವೇದನೆ ಎನ್ನುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಇದು ಕಾಡುತ್ತದೆ. ನಡೆಯಲಾರೆ ಎಂಬ ಕೊರಗಿಗಿಂತ ಈ ನೋವೇ ದೊಡ್ಡದು ಎನ್ನುವ ರೋಗಿಗಳೂ ಇದ್ದಾರೆ.

ಈ ನೋವಿಗೆ ಔಷಧವುಂಟು. ಆದರೆ ತಲೆನೋವಿಗೆ ಗುಳಿಗೆ ನುಂಗಿದ ಹಾಗೆ ಅದು ಅರ್ಧ ಗಂಟೆಯಲ್ಲಿ ನೋವನ್ನು ಅಳಿಸಿಹಾಕುವುದಿಲ್ಲ. ಈ ವ್ಯತ್ಯಾಸ ತಿಳಿಯದೆ, ಎರಡು ವಾರ ತೆಗೆದುಕೊಂಡು ಗುಣವಿಲ್ಲವೆಂದು ಒಳ್ಳೆಯ ಔಷಧವನ್ನು ಬಿಟ್ಟುಬಿಡುವವರಿದ್ದಾರೆ. ಆತುರದಿಂದ ಮಿತಿಮೀರಿ ನುಂಗಿ ಅಪಾಯಕ್ಕೆ ಸಿಕ್ಕುವವರೂ ಇದ್ದಾರೆ. ಆದ್ದರಿಂದ ಔಷಧ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ರೋಗಿಯೂ ಮನೆಯವರೂ ಅರಿತಿರುವುದು ಒಳಿತು.

ಬದುಕಿ ಉಳಿದವರ ನೋವು

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆನ್ನುಹುರಿಗೆ ಗುಂಡು ತಗಲಿದ ಸೈನಿಕರಲ್ಲಿ ಬಹುಮಂದಿ ಮೂತ್ರಕೋಶದ ಸೋಂಕಿನಿಂದಲೋ ಹಾಸಿಗೆ ಹುಣ್ಣಿನಿಂದಲೋ ಬೇಗನೆ ತೀರಿಕೊಳ್ಳುತ್ತಿದ್ದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಪರಿಸ್ಥಿತಿ ಬದಲಾಯಿತು. ಜರ್ಮನಿಯಿಂದ ೧೯೩೯ರಲ್ಲಿ ಇಂಗ್ಲೆಂಡಿಗೆ ವಲಸೆ ಬಂದ ನರವೈದ್ಯ ಲುಡ್ವಿಗ್ ಗಟ್‌ಮನ್ನರು ೧೯೪೪ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ರೋಗಿಗಳಿಗಾಗಿಯೇ ಒಂದು ವಿಭಾಗವನ್ನು ತೆರೆದರು. ರೋಗಿಯನ್ನು ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸುವುದು, ಮೂತ್ರಕೋಶವನ್ನು ಶುದ್ಧವಾಗಿಡುವುದು, ಕೈಗೆ ಕೆಲಸ ಕೊಡುವುದು, ಆಟ ಆಡಿಸುವುದು, ಇವೇ ಅಲ್ಲಿನ ಮುಖ್ಯ ಕ್ರಮಗಳು. ೧೯೪೮ರ ಜುಲೈ ೨೯ರಂದು ಅವರು ಗಾಲಿಕುರ್ಚಿಯ ರೋಗಿಗಳಿಂದ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಮೂಲ ಅದು.

ಹೀಗೆ ಆರೈಕೆ ಸುಧಾರಿಸಿ ಬೆನ್ನುಹುರಿ ಮುರಿದವರು ಹತ್ತಾರು ವರ್ಷ ಬದುಕುವಂತಾಯಿತು. ಅದರೊಂದಿಗೆ, ಗಾಯ ಮಾಯ್ದ ಮೇಲೂ ಮಾಯದ ನೋವೊಂದಿದೆ ಎಂಬುದು ವೈದ್ಯರ ಕಣ್ಣಿಗೆ ಹೆಚ್ಚು ಹೆಚ್ಚಾಗಿ ಬೀಳತೊಡಗಿತು. ೧೯೬೫ರಲ್ಲಿ ರೊನಾಲ್ಡ್ ಮೆಲ್‌ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ನೋವಿನ ವಿಷಯದಲ್ಲಿ ಒಂದು ಹೊಸ ವಾದವನ್ನು ಮಂಡಿಸಿದರು. ಗಾಯದಿಂದ ಹೊರಟ ಸುದ್ದಿ ನೇರವಾಗಿ ಮಿದುಳಿಗೆ ಮುಟ್ಟುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ಏರ್ಪಾಡಿದೆ. ಅದು ಕೆಲವು ಸುದ್ದಿಗಳನ್ನು ಒಳಬಿಡುತ್ತದೆ, ಕೆಲವನ್ನು ತಡೆಯುತ್ತದೆ ಎಂಬುದು ಅದರ ತಿರುಳು. ಆ ವಾದದ ವಿವರಗಳು ಮುಂದೆ ತಿದ್ದುಪಡಿಯಾದವು. ಆದರೆ ನೋವನ್ನು ಏರಿಸುವ, ಇಳಿಸುವ ಏರ್ಪಾಡು ನರಮಂಡಲದ ಒಳಗೇ ಇದೆ ಎಂಬ ಮಾತು ನಿಂತಿತು. ೧೯೭೮ರಲ್ಲಿ ಮೆಲ್‌ಝಾಕ್ ಅವರು ಜಾನ್ ಲೋಸರ್ ಎಂಬ ಶಸ್ತ್ರವೈದ್ಯರೊಡನೆ ಸೇರಿ, ಬೆನ್ನುಹುರಿ ಪೂರ್ತಿಯಾಗಿ ಕಡಿದುಹೋದವರಲ್ಲೂ ಕಾಲಿನ ನೋವು ಉಳಿಯುವುದನ್ನು ವಿವರಿಸಿದರು. ಕಾಲಿನಿಂದ ಒಂದು ಸುದ್ದಿಯೂ ಮೇಲೆ ಹೋಗುವಂತಿಲ್ಲ. ಆದರೂ ಕಾಲು ನೋಯುತ್ತದೆ. ಅಂದ ಮೇಲೆ ನೋವು ಹುಟ್ಟುವ ಜಾಗ ಕಾಲಲ್ಲ. ಕಡಿದ ಜಾಗಕ್ಕಿಂತ ಮೇಲಿನ ನರಮಂಡಲ.

ನಿಲಯ ಮುಚ್ಚಿದ ಮೇಲಿನ ಸದ್ದು

ರೇಡಿಯೋ ಇರುವ ಮನೆಯವರಿಗೆ ಇದನ್ನು ತಿಳಿಯಹೇಳುವುದು ಸುಲಭ. ನಿಲಯವೊಂದು ಚೆನ್ನಾಗಿ ಕೇಳಿಬರುತ್ತಿರುವಾಗ ಸೆಟ್ಟಿನಲ್ಲಿ ಬೇರೆ ಸದ್ದಿರುವುದಿಲ್ಲ. ಪ್ರಸಾರ ಮುಗಿದು ನಿಲಯ ಮುಚ್ಚಿದ ಕೂಡಲೆ ಅದೇ ಸೆಟ್ಟಿನಿಂದ ಗೊರಗೊರ ಸದ್ದು ಎದ್ದುಬರುತ್ತದೆ. ಯಾರೂ ಬಿರಡೆಯನ್ನು ತಿರುಗಿಸಿಲ್ಲ. ಹೊರಗಿನ ಸಂಕೇತ ಕ್ಷೀಣವಾದೊಡನೆ ಸೆಟ್ಟು ತಾನಾಗಿಯೇ ತನ್ನ ವರ್ಧನಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಆಗ ಇಲ್ಲದ ನಿಲಯದ ಜಾಗದಲ್ಲಿ ಸುತ್ತಲಿನ ಮತ್ತು ಒಳಗಿನ ಸದ್ದೇ ದೊಡ್ಡದಾಗಿ ಕೇಳಿಸುತ್ತದೆ.

ಬೆನ್ನುಹುರಿಯ ಪೆಟ್ಟಿನಲ್ಲಿ ಆಗುವುದೂ ಬಹುಮಟ್ಟಿಗೆ ಹೀಗೆಯೇ. ಬೆನ್ನುಹುರಿ ಸುಮಾರು ೪೫ ಸೆಂಟಿಮೀಟರ್ ಉದ್ದದ, ಕಿರುಬೆರಳಿನಷ್ಟು ದಪ್ಪದ ನರಗಳ ಕಟ್ಟು. ಮೈಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ತಂತುಗಳು ಅದರಲ್ಲಿವೆ. ಮಿದುಳಿನಿಂದ ಇಳಿದು ಬಂದು ನೋವಿನ ಸುದ್ದಿಯನ್ನು ಹದ್ದಿನಲ್ಲಿಡುವ ತಂತುಗಳೂ ಇವೆ. ಪೆಟ್ಟಿನಿಂದ ಎರಡೂ ಕೆಡುತ್ತವೆ. ಬರಬೇಕಾದ ಸುದ್ದಿ ಬಾರದೆ ಹೋದ ನರಕೋಶಗಳು ಅತಿ ಸೂಕ್ಷ್ಮವಾಗುತ್ತವೆ. ತಡೆಯುವ ಕೈ ತಪ್ಪಿದ್ದರಿಂದ ಕಾರಣವಿಲ್ಲದೆಯೇ ಮಿಡಿಯತೊಡಗುತ್ತವೆ. ನರಕೋಶಗಳ ಗೋಡೆಯಲ್ಲಿ ಸೋಡಿಯಂ, ಕ್ಯಾಲ್ಸಿಯಂ ಮೊದಲಾದ ಲವಣದ ಕಣಗಳು ಹಾಯ್ದುಹೋಗುವ ಅತಿ ಸಣ್ಣ ದ್ವಾರಗಳಿವೆ. ಇವುಗಳ ಸಂಖ್ಯೆಯಲ್ಲಿ, ನಡೆವಳಿಯಲ್ಲಿ ಏರುಪೇರಾಗುತ್ತದೆ. ಈ ಮಿಡಿತ ಮಿದುಳನ್ನು ಮುಟ್ಟಿದಾಗ, ಮಿದುಳು ಅದನ್ನು ಕಾಲಿನಿಂದ ಬಂದ ಸುದ್ದಿ ಎಂದೇ ಓದಿಕೊಳ್ಳುತ್ತದೆ. ಓದಿದ ಸುದ್ದಿ ತಪ್ಪಿರಬಹುದು; ಅನುಭವಿಸುವ ಉರಿ ಮಾತ್ರ ನಿಜ.

ಈ ನೋವು ಪೆಟ್ಟಾದ ಕೂಡಲೆ ಬರಬೇಕೆಂದಿಲ್ಲ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೂ ಬರಬಹುದು. ಪೆಟ್ಟು ಬಿದ್ದ ಮಟ್ಟದಲ್ಲಿ ಎದೆಗೋ ಹೊಟ್ಟೆಗೋ ಪಟ್ಟಿ ಬಿಗಿದಂತೆ ಬರುವುದು ಒಂದು ಬಗೆ; ಅದಕ್ಕಿಂತ ಕೆಳಗೆ ಕಾಲು, ಪೃಷ್ಠ, ಪಾದಗಳಲ್ಲಿ ಬರುವುದು ಇನ್ನೊಂದು ಬಗೆ. ಉರಿ, ಚುಚ್ಚು, ವಿದ್ಯುತ್ತು ಹೊಡೆದಂತಹ ಸೆಳಕು, ಜುಮುಗುಡುವಿಕೆ, ಮಂಜಿನಂತಹ ಕೊರೆತ, ಹೀಗೆ ರೋಗಿಗಳು ಅದನ್ನು ನಾನಾ ವಿಧವಾಗಿ ವರ್ಣಿಸುತ್ತಾರೆ. ಸ್ಪರ್ಶಜ್ಞಾನ ಸ್ವಲ್ಪ ಉಳಿದಿರುವ ಜಾಗದಲ್ಲಿ ಪಂಚೆಯ ಅಂಚು ತಾಗಿದರೂ ಸಾಕು, ಬೆಂಕಿ ತಗಲಿದಂತಾಗುವುದುಂಟು.

ಮೊದಲು ನೋವಿನ ಜಾತಿ ತಿಳಿಯಬೇಕು

ಬೆನ್ನುಹುರಿಗೆ ಪೆಟ್ಟಾದವರ ಎಲ್ಲ ನೋವೂ ನರವೇದನೆಯಲ್ಲ. ಗಾಲಿಕುರ್ಚಿಯನ್ನು ತಳ್ಳಿ ತಳ್ಳಿ ಭುಜ ನೋಯುವುದು ಕೀಲು ಮತ್ತು ಸ್ನಾಯುಗಳ ನೋವು. ಮಲಬದ್ಧತೆಯಿಂದ, ಮೂತ್ರಕೋಶದ ಕಲ್ಲಿನಿಂದ ಹೊಟ್ಟೆಯಲ್ಲಿ ಬರುವುದು ಒಳಾಂಗದ ನೋವು. ಸ್ನಾಯುಗಳ ಸೆಟೆತದಿಂದಲೂ ನೋವು ಬರುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮುಂತಾದ ಸಾಮಾನ್ಯ ನೋವಿನ ಗುಳಿಗೆಗಳು ಭುಜದ ನೋವಿಗೆ ಉಪಯೋಗಕ್ಕೆ ಬರಬಹುದು. ನರವೇದನೆಗೆ ಅವುಗಳಿಂದ ಫಲ ಕಾಣುವುದಿಲ್ಲ. ನರವೇದನೆಗೆಂದು ಅವುಗಳನ್ನು ವರ್ಷಗಟ್ಟಲೆ ನುಂಗಿದರೆ ಉರಿ ಹಾಗೆಯೇ ಉಳಿಯುತ್ತದೆ. ಐಬುಪ್ರೊಫೆನ್‌ನಂತಹವು ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಯನ್ನೂ ಮಾಡಬಲ್ಲವು. ಆದ್ದರಿಂದ ನೋವು ಎಲ್ಲಿ, ಯಾವಾಗ, ಯಾವ ತೆರನಾಗಿ ಬರುತ್ತದೆ ಎಂಬುದನ್ನು ರೋಗಿಯು ವೈದ್ಯರಿಗೆ ತನ್ನ ಮಾತಿನಲ್ಲೇ ವಿವರವಾಗಿ ಹೇಳಬೇಕು. ಮನೆಯವರು ನಡುವೆ ಬಾಯಿ ಹಾಕಿ ‘ಸುಮ್ಮನೆ ಹಾಗನ್ನುತ್ತಾರೆ’ ಎನ್ನಕೂಡದು.

ಔಷಧಗಳು

ಈ ನೋವಿಗೆ ಇಂದು ಬಳಕೆಯಲ್ಲಿರುವ ಮುಖ್ಯ ಔಷಧಗಳು ನೋವಿಗೆಂದು ಹುಟ್ಟಿದವಲ್ಲ. ಕೆಲವು ಮೂರ್ಛೆರೋಗಕ್ಕೆ, ಕೆಲವು ಮನಸ್ಸಿನ ಖಿನ್ನತೆಗೆ ಬಂದಂಥವು. ಮಿತಿಮೀರಿ ಮಿಡಿಯುವ ನರಕೋಶವನ್ನು ಶಾಂತಗೊಳಿಸುವ ಗುಣ ಅವುಗಳಲ್ಲಿರುವುದರಿಂದ ನರವೇದನೆಗೂ ಬಂದವು. ವೈದ್ಯರ ಚೀಟಿಯಲ್ಲಿ ಮೂರ್ಛೆರೋಗದ ಔಷಧ ಅಥವಾ ಖಿನ್ನತೆಯ ಔಷಧ ಇರುವುದನ್ನು ಕಂಡು ರೋಗಿಯೂ ಮನೆಯವರೂ ಗಾಬರಿಪಡಬೇಕಾದ್ದಿಲ್ಲ.

ಮೊದಲನೆಯದು ಗ್ಯಾಬಪೆಂಟಿನ್. ನರಕೋಶಗಳನ್ನು ಶಾಂತಗೊಳಿಸುವ ‘ಗಾಬಾ’ ಎಂಬ ಸಹಜ ದ್ರವ್ಯವೊಂದು ನಮ್ಮ ಮಿದುಳಿನಲ್ಲಿದೆ. ಅದರ ಆಕಾರವನ್ನು ಹೋಲುವಂತೆ ಗ್ಯಾಬಪೆಂಟಿನ್ನನ್ನು ರಚಿಸಿದರು. ಅಮೆರಿಕದಲ್ಲಿ ೧೯೯೩ರಲ್ಲಿ ಮೂರ್ಛೆರೋಗಕ್ಕಾಗಿ ಅದಕ್ಕೆ ಅನುಮತಿ ದೊರೆಯಿತು. ಆದರೆ ಅದು ಕೆಲಸ ಮಾಡುವ ದಾರಿ ಎಣಿಸಿದ್ದಕ್ಕಿಂತ ಬೇರೆಯಾಗಿತ್ತು. ಗಾಬಾ ಕೂರುವ ಜಾಗದಲ್ಲಿ ಅದು ಕೂರುವುದೇ ಇಲ್ಲ. ನರಕೋಶದ ಕ್ಯಾಲ್ಸಿಯಂ ದ್ವಾರದ ಒಂದು ಭಾಗಕ್ಕೆ ಅಂಟಿಕೊಂಡು, ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ದ್ರವ್ಯಗಳು ಸೋರುವುದನ್ನು ಕಡಿಮೆಮಾಡುತ್ತದೆ. ರೇಡಿಯೋದ ಮಾತಿನಲ್ಲಿ ಹೇಳುವುದಾದರೆ, ನಿಲಯವನ್ನು ಅದು ಮರಳಿ ತರಲಾರದು. ಗೊರಗೊರ ಸದ್ದನ್ನು ತಗ್ಗಿಸುತ್ತದೆ. ಈ ಔಷಧದಿಂದ ಕಾಲಿಗೆ ಚಲನೆಯಾಗಲಿ ಸ್ಪರ್ಶವಾಗಲಿ ಮರಳುವುದಿಲ್ಲ ಎಂಬುದನ್ನು ಮೊದಲೇ ಅರಿತಿರಬೇಕು.

ಎರಡನೆಯದು ಅದೇ ವಂಶದ ಪ್ರಿಗ್ಯಾಬಲಿನ್. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ರಿಚರ್ಡ್ ಸಿಲ್ವರ್‌ಮನ್ನರ ಪ್ರಯೋಗಶಾಲೆಯಲ್ಲಿ ಅದು ಹುಟ್ಟಿತು. ಬೆನ್ನುಹುರಿಯ ನೋವಿಗೆ ಅದರ ಗುಣವೆಷ್ಟು ಎಂಬುದನ್ನು ಆಸ್ಟ್ರೇಲಿಯದ ವೈದ್ಯರು ಪರೀಕ್ಷಿಸಿ ೨೦೦೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಈ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ನೋಡಿದರೆ, ಔಷಧದಿಂದ ಎಷ್ಟನ್ನು ನಿರೀಕ್ಷಿಸಬಹುದೆಂಬುದು ಸ್ಪಷ್ಟವಾಗುತ್ತದೆ.

ಪರೀಕ್ಷೆಯಲ್ಲಿ ೧೩೭ ಮಂದಿ ರೋಗಿಗಳಿದ್ದರು. ಚೀಟಿ ಎತ್ತಿದಂತೆ ಅವರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಪ್ರಿಗ್ಯಾಬಲಿನ್ನನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ, ಔಷಧವಿಲ್ಲದ ಹುಸಿಗುಳಿಗೆಯನ್ನೂ ೧೨ ವಾರ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ನಂಬಿಕೆಯಿಂದಲೇ ಎಷ್ಟೋ ನೋವು ಇಳಿಯುವುದರಿಂದ ಔಷಧದ ನಿಜವಾದ ಗುಣವನ್ನು ಬೇರ್ಪಡಿಸಲು ಹೀಗೆ ಮಾಡುತ್ತಾರೆ. ನೋವಿಲ್ಲದಿದ್ದರೆ ಸೊನ್ನೆ, ಊಹಿಸಬಹುದಾದ ಅತಿ ದೊಡ್ಡ ನೋವಿಗೆ ೧೦, ಹೀಗೆ ರೋಗಿಗಳೇ ಅಂಕ ಕೊಟ್ಟರು. ಔಷಧ ಪಡೆದವರ ಸರಾಸರಿ ಅಂಕ ೬.೫೪ರಿಂದ ೪.೬೨ಕ್ಕೆ ಇಳಿಯಿತು, ಹುಸಿಗುಳಿಗೆಯವರದು ೬.೭೩ರಿಂದ ೬.೨೭ಕ್ಕೆ ಬಂದು ನಿಂತಿತು. ನೋವು ನೂರಕ್ಕೆ ಮೂವತ್ತರಷ್ಟಾದರೂ ಇಳಿಯಿತು ಎಂದವರು ಔಷಧದ ಪಂಗಡದಲ್ಲಿ ನೂರಕ್ಕೆ ೪೨ ಮಂದಿ, ಹುಸಿಗುಳಿಗೆಯ ಪಂಗಡದಲ್ಲಿ ನೂರಕ್ಕೆ ೧೬ ಮಂದಿ. ಅರ್ಧದಷ್ಟಾದರೂ ಇಳಿಯಿತು ಎಂದವರು ಕ್ರಮವಾಗಿ ೨೨ ಮತ್ತು ೮ ಮಂದಿ.

ಈ ಅಂಕಿಗಳ ಅರ್ಥವೇನು? ಔಷಧಕ್ಕೆ ಗುಣವುಂಟು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹತ್ತು ಮಂದಿಗೆ ಕೊಟ್ಟರೆ ಸುಮಾರು ನಾಲ್ವರಿಗೆ ಗಣನೀಯವಾದ ಉಪಶಮನ, ಅವರಲ್ಲಿ ಇಬ್ಬರಿಗೆ ನೋವು ಅರ್ಧಕ್ಕೆ ಇಳಿಯುವುದು, ಉಳಿದ ಆರು ಮಂದಿಗೆ ಅಲ್ಪ ಫಲ ಅಥವಾ ನಿಷ್ಫಲ. ಮೊದಲ ಔಷಧದಿಂದ ಗುಣ ಕಾಣದವನು ದುರದೃಷ್ಟನೂ ಅಲ್ಲ, ನಟನೆ ಮಾಡುವವನೂ ಅಲ್ಲ, ಬಹುಸಂಖ್ಯಾತರಲ್ಲಿ ಒಬ್ಬ. ಅವನಿಗೆ ಬೇರೆ ಔಷಧವನ್ನು ನೋಡಬೇಕು. ಮುಂದೆ ಅನೇಕ ದೇಶಗಳ ೨೨೦ ರೋಗಿಗಳ ಮೇಲೆ ನಡೆದು ೨೦೧೩ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯೂ ಪ್ರಿಗ್ಯಾಬಲಿನ್ನಿನ ಗುಣವನ್ನು ದೃಢಪಡಿಸಿತು. ಬೆನ್ನುಹುರಿಯ ಪೆಟ್ಟಿನ ನರವೇದನೆಗೆಂದೇ ಅಮೆರಿಕದ ಔಷಧ ಆಡಳಿತ ೨೦೧೨ರ ಜೂನ್ ತಿಂಗಳಲ್ಲಿ ಅದಕ್ಕೆ ಅನುಮತಿ ನೀಡಿತು.

ಮೂರನೆಯದು ಅಮಿಟ್ರಿಪ್ಟಿಲಿನ್. ೧೯೬೧ರಿಂದ ಖಿನ್ನತೆಗೆ ಬಳಕೆಯಲ್ಲಿರುವ ಹಳೆಯ ಔಷಧ. ಮಿದುಳಿನಿಂದ ಇಳಿದು ಬಂದು ನೋವನ್ನು ತಡೆಯುವ ನರಗಳ ಕೆಲಸಕ್ಕೆ ಅದು ಬಲ ಕೊಡುತ್ತದೆ. ಖಿನ್ನತೆಗೆ ಬೇಕಾಗುವುದಕ್ಕಿಂತ ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ ೧೦ ಅಥವಾ ೨೫ ಮಿಲಿಗ್ರಾಂನಿಂದ, ರಾತ್ರಿ ಮಲಗುವ ಮುಂಚೆ ಪ್ರಾರಂಭಿಸುತ್ತಾರೆ. ಬೆನ್ನುಹುರಿಯ ರೋಗಿಗಳಲ್ಲಿ ಇದರ ಪರೀಕ್ಷೆಗಳು ಒಂದೇ ಮಾತು ಹೇಳಲಿಲ್ಲ. ೨೦೦೨ರಲ್ಲಿ ಪ್ರಕಟವಾದ ೮೪ ಮಂದಿಯ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ. ೨೦೦೭ರ ಇನ್ನೊಂದರಲ್ಲಿ, ಅದರಲ್ಲೂ ಮನಸ್ಸು ಕುಗ್ಗಿದ್ದವರಲ್ಲಿ, ಪ್ರಯೋಜನ ಕಂಡಿತು. ನೋವಿನ ಜೊತೆಗೆ ನಿದ್ರೆಯೂ ಉತ್ಸಾಹವೂ ಕೆಟ್ಟವರಿಗೆ ಇದು ಒಳ್ಳೆಯ ಆಯ್ಕೆಯಾಗಬಹುದು. ಕೆನಡಾದ ತಜ್ಞರ ಸಮಿತಿ ಬೆನ್ನುಹುರಿಯ ನೋವಿನ ಚಿಕಿತ್ಸೆಗೆಂದು ೨೦೧೬ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಈ ಮೂರಕ್ಕೂ ಮೊದಲ ಸಾಲಿನಲ್ಲಿ ಸ್ಥಾನವಿದೆ.

ಅವು ಸಾಲದೆ ಹೋದಾಗ ಎರಡನೆಯ ಸಾಲಿನ ಔಷಧಗಳಿವೆ. ಟ್ರಮಡಾಲ್ ಎಂಬುದು ಅಫೀಮಿನ ಗುಣದ ಸೌಮ್ಯ ಔಷಧ. ನೋವು ತಗ್ಗಿಸುವುದು ನಿಜವಾದರೂ ವಾಕರಿಕೆ, ತಲೆಸುತ್ತು, ಮಲಬದ್ಧತೆಗಳು ಹೆಚ್ಚು. ಚಟ ಹತ್ತುವ ಅಪಾಯವೂ ಉಂಟು. ಭಾರತ ಸರ್ಕಾರ ೨೦೧೮ರಲ್ಲಿ ಅದನ್ನು ಮಾದಕದ್ರವ್ಯಗಳ ಕಾನೂನಿನ ವ್ಯಾಪ್ತಿಗೆ ತಂದಿತು. ಲ್ಯಾಮೋಟ್ರಿಜಿನ್ ಎಂಬ ಮೂರ್ಛೆರೋಗದ ಔಷಧ, ಬೆನ್ನುಹುರಿ ಪೂರ್ತಿ ಕೆಡದೆ ಸ್ಪರ್ಶ ಸ್ವಲ್ಪ ಉಳಿದಿರುವವರಿಗೆ ಮಾತ್ರ ಅನುಕೂಲವೆಂದು ತೋರಿದೆ. ಮೂರ್ಛೆರೋಗದ ಔಷಧವೆಂದ ಮಾತ್ರಕ್ಕೆ ಎಲ್ಲವೂ ಇಲ್ಲಿ ಸಲ್ಲುವುದಿಲ್ಲ. ವ್ಯಾಲ್‌ಪ್ರೊಯೇಟ್, ಲೆವೆಟಿರಾಸೆಟಮ್ ಎಂಬ ಎರಡನ್ನು ಬೆನ್ನುಹುರಿಯ ನೋವಿಗೆ ಕೊಟ್ಟು ನೋಡಿದಾಗ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಪಕ್ಕದ ಮನೆಯವರಿಗೆ ಗುಣ ಕೊಟ್ಟ ಗುಳಿಗೆ ತಮಗೂ ಆದೀತೆಂದು ಕೇಳಿ ತಂದು ನುಂಗಬಾರದೆನ್ನುವುದಕ್ಕೆ ಇಷ್ಟೇ ಸಾಕು.

ತೆಗೆದುಕೊಳ್ಳುವ ಕ್ರಮ

ಈ ಔಷಧಗಳಲ್ಲಿ ಮುಖ್ಯವಾದ ಗುಟ್ಟು ನಿಧಾನ. ಕಡಿಮೆ ಪ್ರಮಾಣದಿಂದ ಪ್ರಾರಂಭಿಸಿ, ಮೈಗೆ ಒಗ್ಗಿದಂತೆಲ್ಲ ಕೆಲವು ದಿನಗಳಿಗೊಮ್ಮೆ ಏರಿಸುತ್ತ ಹೋಗಬೇಕು. ಮೊದಲ ವಾರದಲ್ಲಿ ತೂಕಡಿಕೆಯೂ ತಲೆಸುತ್ತೂ ಇರುತ್ತವೆ, ನೋವು ಮಾತ್ರ ಇಳಿದಿರುವುದಿಲ್ಲ. ಬಹುಮಂದಿ ಔಷಧ ಬಿಡುವುದು ಈ ಘಟ್ಟದಲ್ಲಿಯೇ. ತೂಕಡಿಕೆ ಹಲವರಲ್ಲಿ ದಿನ ಕಳೆದಂತೆ ಕಡಿಮೆಯಾಗುತ್ತದೆ. ಸರಿಯಾದ ಪ್ರಮಾಣಕ್ಕೆ ಮುಟ್ಟಿದ ಮೇಲೆ ಕೆಲವು ವಾರ ನೋಡಿಯೇ ಫಲವುಂಟೋ ಇಲ್ಲವೋ ಎಂದು ತೀರ್ಮಾನಿಸಬೇಕು. ಗ್ಯಾಬಪೆಂಟಿನ್ನನ್ನು ದಿನಕ್ಕೆ ಮೂರು ಪಾಲು ಮಾಡಿ ಕೊಡುವುದಕ್ಕೂ ಕಾರಣವಿದೆ. ಒಂದೇ ಸಲ ಹೆಚ್ಚು ನುಂಗಿದರೆ ಕರುಳು ಅದರಲ್ಲಿ ಕಡಿಮೆ ಪಾಲನ್ನು ಮಾತ್ರ ಹೀರಿಕೊಳ್ಳುತ್ತದೆ, ಉಳಿದದ್ದು ವ್ಯರ್ಥ.

ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಎರಡೂ ಮೂತ್ರಪಿಂಡದ ಮೂಲಕ ಹೊರಹೋಗುವಂಥವು. ಬೆನ್ನುಹುರಿಯ ರೋಗಿಗಳಲ್ಲಿ ಮೂತ್ರಪಿಂಡದ ತೊಂದರೆ ಅಪರೂಪವಲ್ಲ. ಅಂಥವರಿಗೆ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ಆದ್ದರಿಂದ ರಕ್ತಪರೀಕ್ಷೆ ಅವಶ್ಯಕ. ಈ ಔಷಧಗಳಿಂದ ಪಾದ ಊದಬಹುದು, ತೂಕ ಹೆಚ್ಚಬಹುದು. ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ಮೂತ್ರ ಕಟ್ಟುವಂತೆ ಮಾಡಬಲ್ಲದು. ಮಲಮೂತ್ರಗಳ ಹತೋಟಿ ಈಗಾಗಲೇ ಕೆಟ್ಟಿರುವ ರೋಗಿಗೆ ಇವು ಸಣ್ಣ ವಿಷಯಗಳಲ್ಲ. ಎದ್ದು ಕೂರಿಸಿದಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುವುದು ಅದರಿಂದ ಹೆಚ್ಚಬಹುದು. ಹೃದಯದ ಕಾಯಿಲೆ ಅಥವಾ ಕಣ್ಣಿನ ಒತ್ತಡದ ಕಾಯಿಲೆ ಇದ್ದರೆ ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಅಮಿಟ್ರಿಪ್ಟಿಲಿನ್ ಮತ್ತು ಟ್ರಮಡಾಲ್ ಒಟ್ಟಿಗೆ ಸೇರಿದರೆ ಮೈ ನಡುಕ, ಜ್ವರ, ಸೆಳವು ಮುಂತಾದ ಅಪಾಯಗಳಿರುವುದರಿಂದ, ಇಬ್ಬರು ವೈದ್ಯರಲ್ಲಿಗೆ ಹೋಗುವವರು ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸದೆ ಇರಕೂಡದು.

ಇನ್ನೆರಡು ಎಚ್ಚರಿಕೆಗಳು ಪ್ರಾಣಕ್ಕೆ ಸಂಬಂಧಪಟ್ಟವು. ಒಂದು: ಈ ಔಷಧಗಳ ಮೇಲೆ ಮದ್ಯವನ್ನಾಗಲಿ, ನಿದ್ರೆಯ ಗುಳಿಗೆಯನ್ನಾಗಲಿ, ಅಫೀಮಿನ ಜಾತಿಯ ನೋವಿನ ಔಷಧವನ್ನಾಗಲಿ ತಾವಾಗಿ ಸೇರಿಸಿದರೆ ಉಸಿರಾಟ ಕುಗ್ಗಬಹುದು. ಅಮೆರಿಕದ ಔಷಧ ಆಡಳಿತ ೨೦೧೯ರಲ್ಲಿ ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್‌ಗಳ ಬಗ್ಗೆ ಇದೇ ಎಚ್ಚರಿಕೆಯನ್ನು ಹೊರಡಿಸಿತು. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾಗಿ ಉಸಿರಾಟ ಮೊದಲೇ ದುರ್ಬಲವಾಗಿರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಎರಡು: ಔಷಧವನ್ನು ಥಟ್ಟನೆ ನಿಲ್ಲಿಸಬಾರದು. ನಿದ್ರೆ ಕೆಡುವುದು, ವಾಕರಿಕೆ, ಬೆವರು, ಕೆಲವೊಮ್ಮೆ ಮೂರ್ಛೆಯ ಸೆಳವು ಕೂಡ ಬರಬಹುದು. ವೈದ್ಯರು ಹೇಳಿದಂತೆ ಕನಿಷ್ಠ ಒಂದು ವಾರದ ಅವಧಿಯಲ್ಲಿ ಇಳಿಸುತ್ತ ನಿಲ್ಲಿಸಬೇಕು. ಊರಿಗೆ ಹೋಗುವಾಗ ಗುಳಿಗೆ ಮುಗಿಯಿತು, ಬಂದ ಮೇಲೆ ತಂದರಾಯಿತು ಎಂಬ ಉಪೇಕ್ಷೆ ಇಲ್ಲಿ ಸಲ್ಲದು.

ಮನೆಯವರು ಗಮನಿಸಬೇಕಾದದ್ದು

ಕಾಲು ಕೊರೆಯುತ್ತದೆ ಎಂದು ರೋಗಿ ಹೇಳಿದಾಗ ಬಿಸಿನೀರಿನ ಚೀಲ ಇಡುವುದು, ಕಾದ ಇಟ್ಟಿಗೆಯಿಂದ ಶಾಖ ಕೊಡುವುದು ನಮ್ಮಲ್ಲಿ ರೂಢಿ. ಸ್ಪರ್ಶವಿಲ್ಲದ ಕಾಲಿಗೆ ಇದನ್ನು ಎಂದಿಗೂ ಮಾಡಕೂಡದು. ಚರ್ಮ ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ. ಅಂಥ ಸುಟ್ಟಗಾಯ ಮಾಯಲು ತಿಂಗಳುಗಳೇ ಹಿಡಿಯಬಹುದು.

ಒಂದೇ ಸಮನಾಗಿದ್ದ ನೋವು ಇದ್ದಕ್ಕಿದ್ದಂತೆ ಹೆಚ್ಚಾದರೆ ಗುಳಿಗೆಯ ಸಂಖ್ಯೆ ಹೆಚ್ಚಿಸುವುದಕ್ಕೆ ಮುಂಚೆ ಕಾರಣವನ್ನು ಹುಡುಕಬೇಕು. ಮೂತ್ರದ ಸೋಂಕು, ಮೂತ್ರಕೋಶದ ಕಲ್ಲು, ಮಲ ಕಟ್ಟಿರುವುದು, ಪೃಷ್ಠದಲ್ಲಿ ಒತ್ತಡದ ಹುಣ್ಣು, ಮಾಂಸದೊಳಕ್ಕೆ ಬೆಳೆದ ಉಗುರು, ಇವುಗಳಲ್ಲಿ ಯಾವುದಾದರೂ ಒಂದು ನರವೇದನೆಯನ್ನು ಕೆರಳಿಸಿರಬಹುದು. ನೇರವಾಗಿ ನೋವು ತಿಳಿಯದ ದೇಹ ತನ್ನ ಕಷ್ಟವನ್ನು ಹೀಗೆ ಸುತ್ತುದಾರಿಯಲ್ಲಿ ತಿಳಿಸುತ್ತದೆ. ವರ್ಷಗಳ ನಂತರ ನೋವು ಮೇಲಮೇಲಕ್ಕೆ ಹಬ್ಬುತ್ತ, ಕೈಯ ಬಲವೂ ಕುಂದುತ್ತಿದ್ದರೆ ಬೆನ್ನುಹುರಿಯೊಳಗೆ ನೀರುಗುಳ್ಳೆ ಬೆಳೆಯುತ್ತಿರಬಹುದು. ತಡಮಾಡದೆ ನರತಜ್ಞರಿಗೆ ತೋರಿಸಬೇಕು. ಎದೆಯ ನಡುಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಏಕಾಏಕಿ ತಲೆ ಸಿಡಿಯುವ ನೋವು, ಮುಖ ಕೆಂಪೇರಿ ಬೆವರುವುದು ಕಂಡುಬಂದರೆ ರಕ್ತದೊತ್ತಡ ಅಪಾಯಕರವಾಗಿ ಏರಿದೆಯೆಂದು ತಿಳಿಯಬೇಕು. ರೋಗಿಯನ್ನು ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರದ ನಳಿಗೆ ಮಡಿಸಿಕೊಂಡಿದೆಯೇ ಎಂದು ನೋಡಿ, ಕೂಡಲೆ ವೈದ್ಯರ ಸಹಾಯ ಪಡೆಯಬೇಕು.

ಔಷಧದ ಜೊತೆಗೆ ಬೇರೆ ಕ್ರಮಗಳೂ ಬೇಕು. ದಿನವೂ ಮಾಡುವ ವ್ಯಾಯಾಮ, ಹೊತ್ತಿಗೆ ಸರಿಯಾದ ನಿದ್ರೆ, ಮನಸ್ಸನ್ನು ಹಿಡಿದಿಡುವ ಕೆಲಸ, ನಾಲ್ಕು ಜನರ ಮಾತುಕತೆ ಇವುಗಳಿಂದ ನೋವಿನ ಹಿಡಿತ ಸಡಿಲವಾಗುತ್ತದೆ. ಸುಮ್ಮನೆ ಮಲಗಿರುವ ರಾತ್ರಿಯ ಹೊತ್ತು ನೋವು ಹೆಚ್ಚೆನಿಸುವುದು ಅನೇಕ ರೋಗಿಗಳ ಅನುಭವ.

ಒಂದು ಸಣ್ಣ ಪುಸ್ತಕದಲ್ಲಿ ದಿನಾಲೂ ನೋವಿನ ಅಂಕ, ನಿದ್ರೆಯ ಗಂಟೆ, ತೆಗೆದುಕೊಂಡ ಔಷಧ ಇವನ್ನು ಬರೆದಿಡುವುದು ಬಹಳ ಉಪಯೋಗಕರ. ಎಂಟಿದ್ದ ನೋವು ಐದಕ್ಕೆ ಬಂದರೆ ಅದು ಪೂರ್ಣ ಗುಣವಲ್ಲ ನಿಜ. ಆದರೆ ಎಂಟರ ನೋವಿನಲ್ಲಿ ನಿದ್ರೆಯಿಲ್ಲ, ಊಟ ರುಚಿಸದು, ಮಕ್ಕಳ ಮಾತು ಸಹಿಸದು. ಐದರ ನೋವಿನಲ್ಲಿ ರಾತ್ರಿ ನಾಲ್ಕು ಗಂಟೆ ನಿದ್ರೆ ಬಂದೀತು, ಬೆಳಗ್ಗೆ ಕುರ್ಚಿಯಲ್ಲಿ ಕುಳಿತು ಅಂಗಡಿಯ ಲೆಕ್ಕ ಬರೆಯಲು ಮನಸ್ಸಾದೀತು. ಔಷಧ ಗೆದ್ದಿತೋ ಸೋತಿತೋ ಎಂಬುದನ್ನು ಅಳೆಯಬೇಕಾದದ್ದು ಈ ಅಳತೆಯಿಂದ. ಅದನ್ನು ಅಳೆಯಬಲ್ಲವರು ರೋಗಿ ಮತ್ತು ಅವನ ಜೊತೆಯಲ್ಲಿರುವ ಮನೆಯವರು. ಅವನ ಮಾತನ್ನು ನಂಬಿ, ಬರೆದಿಟ್ಟ ಆ ಪುಸ್ತಕವನ್ನು ವೈದ್ಯರ ಮುಂದಿಟ್ಟರೆ, ಯಾವ ಔಷಧವನ್ನು ಏರಿಸಬೇಕು, ಯಾವುದನ್ನು ಬದಲಿಸಬೇಕು ಎಂದು ನಿರ್ಧರಿಸಲು ಅವರಿಗೆ ಅದಕ್ಕಿಂತ ದೊಡ್ಡ ನೆರವು ಬೇರೊಂದಿಲ್ಲ.